ಸದ್ದಿಲ್ಲದ ಸೋಮವಾರ

ಶಾಂಭವಿ ಎಡಗೈಯ ಬಳೆಗಳನ್ನೆಲ್ಲ ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದಳು. ಬಲಗೈಯವು ಇನ್ನೂ ಉಳಿದಿದ್ದವು. ಮೈಕಿನ ಮುಂದೆ ಕೂರುವ ಮುಂಚೆ ದಿನವೂ ಇದೇ ಕ್ರಮ. ಬಳೆ ತೆಗೆಯುವುದು, ಉಗುರುಬೆಚ್ಚಗಿನ ನೀರು ಕುಡಿಯುವುದು, ಕಿಟಕಿ ಮುಚ್ಚಿ ತಲೆಯ ಮೇಲಿನ ಫ್ಯಾನು ಆರಿಸುವುದು. ಗಂಜಿ ಹಾಕಿದ ಸೀರೆ ಪುಟ ತಿರುಗಿಸುವಾಗಲೆಲ್ಲ ಸರಬರ ಎನ್ನುತ್ತದೆಂದು ಇಲ್ಲಿಗೆ ಮೆತ್ತನೆಯ ವಾಯಿಲ್ ಸೀರೆಯನ್ನೇ ಉಟ್ಟು ಬರುತ್ತಿದ್ದಳು.

"ಆಂಟೀ..."

ನಾಜಿಶ್ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ ಲ್ಯಾಪ್‌ಟಾಪು. ಮಗುವನ್ನು ಎತ್ತಿಕೊಂಡ ಹಾಗೆ.

"ಆನ್ ಆಗ್ತಿಲ್ಲ ಆಂಟಿ. ಬೆಳಿಗ್ಗೆಯಿಂದ ಒತ್ತುತ್ತಾನೇ ಇದೀನಿ. ಲೈಟೂ ಬರ್ತಿಲ್ಲ."

ಶಾಂಭವಿ ಯಂತ್ರವನ್ನು ಕೈಗೆ ತೆಗೆದುಕೊಂಡಳು. ಪರೀಕ್ಷೆ ಬರೆಯುವ ರಟ್ಟಿನಂತೆ ತೆಳ್ಳಗೆ, ಹಗುರಾಗಿತ್ತು. ತಿರುಗಿಸಿ ನೋಡಿದಳು. ಬಿಳಿಯ ತಳದ ಒಂದು ಮೂಲೆ ಹಾಲು ಸೀದ ಪಾತ್ರೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು.

ಫ್ರೇಜರ್ ಟೌನಿನ ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿ ಅವರ ಸಂಘ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿ, ದನಿ ಮುದ್ರಿಸಿ, ಸೀಡಿಗೆ ಹಾಕಿ ಊರೂರಿಗೆ ಕಳಿಸುವುದು ಕೆಲಸ. ೨೦೦೯ರ ಮೇ ತಿಂಗಳು. ಶಾಲೆಗಳು ತೆರೆಯುವುದರೊಳಗೆ ಹತ್ತನೇ ತರಗತಿಯ ಸಮಾಜ ವಿಜ್ಞಾನ ಹೊರಡಬೇಕಿತ್ತು. ಓದುವವಳು ಶಾಂಭವಿ — ಸಂಬಳವಿಲ್ಲದ ಸೇವೆ. ಮುದ್ರಿಸುವವನು ಭೀಮಾಶಂಕರ. ಮುದ್ರಿಸಿದ್ದನ್ನು ತಿದ್ದಿ, ಬೇಡದ್ದನ್ನು ಕತ್ತರಿಸುವವಳು ನಾಜಿಶ್. ಅವರಿಬ್ಬರಿಗೂ ಸಂಬಳವಿತ್ತು. ಮೂವರ ಕೆಲಸವೂ ಈ ಒಂದೇ ಯಂತ್ರದ ಮೇಲೆ.

ಭೀಮಾಶಂಕರ ಒಳಗೆ ಬಂದವನೇ ಲ್ಯಾಪ್‌ಟಾಪನ್ನು ಮೂಸಿ ನೋಡಿದ.

"ಸುಟ್ಟ ವಾಸನಿ ಬರ್ಲಿಕತ್ತದ. ನಿನ್ನಿ ಮನಿಗಿ ಒಯ್ದಿದ್ದಿ ಇಲ್ಲ? ಹಾಸಿಗಿ ಮ್ಯಾಲ ಇಟ್ಟಿದ್ದೇನು? ಖರೇ ಹೇಳು."

"ಇಲ್ಲ ಸಾರ್! ಅಲ್ಲಾ ಕಸಮ್, ಹಾಸಿಗೆ ಮೇಲಿಟ್ಟಿಲ್ಲ."

"ಹಂಗಾದ್ರ ಬಸ್ಸಿನ್ಯಾಗ ಕೆಡವಿರಬೇಕು."

"ಕೆಡವಿಲ್ಲ ಸಾರ್."

"ಹಾಸಿಗಿ ಮ್ಯಾಲ ಇಟ್ಟಿಲ್ಲ, ಕೆಡವಿಲ್ಲ — ಮತ್ತ ಹ್ಯಾಂಗ ಸತ್ತದ? ದೃಷ್ಟಿ ತಾಗ್ತೇನು?"

ಈ ಮಾತೆಲ್ಲ ಕೇಳಿಸಿ ಸಂಘದ ಅಧ್ಯಕ್ಷೆ ಜಯಮಾಲಾ ಬಂದರು. ಹೆಡ್‌ಮಿಸ್ ಆಗಿ ನಿವೃತ್ತರಾದವರು. ಯಂತ್ರವನ್ನು ನೋಡಿದರು. ನಾಜಿಶ್‌ಳ ಮುಖ ನೋಡಿದರು.

"ಇದು ಡೊನೇಷನ್ ಬಂದಿದ್ದಮ್ಮ. ಇರೋದೇ ಒಂದು. ಕೊಟ್ಟವರಿಗೆ ನಾನು ಏನಂತ ಹೇಳ್ಲಿ? ಸಂಜೆ ಎಲ್ಲರೂ ನನ್ನ ರೂಮಿಗೆ ಬನ್ನಿ. ಅಷ್ಟರಲ್ಲಿ ಏನಾಯ್ತು ಅಂತ ಬಾಯಿಬಿಟ್ಟು ಹೇಳಿದ್ರೆ ಸರಿ, ನಾಜಿಶ್. ಇಲ್ಲಾಂದ್ರೆ ನಾಳೆಯಿಂದ ನೀನು ಬರೋದು ಬೇಡ."

ಅವರು ಹೋದ ಮೇಲೆ ನಾಜಿಶ್ ನೆಲದ ಚಾಪೆಯ ಮೇಲೆ ಕುಸಿದು ಕೂತಳು.

"ನಮ್ಮಣ್ಣ ಜೀಶಾನ್ ಭಾಯಿಗೆ ಗೊತ್ತಾದ್ರೆ ಮುಗೀತು ಆಂಟಿ. ಕೆಲ್ಸದ ಕಡೆಯಿಂದ ಒಂದು ಮಾತು ಬಂದ್ರೂ ಮನೇಲಿ ಕೂತ್ಕೋ ಅಂತ ಮೊದ್ಲೇ ಹೇಳಿದಾನೆ. ಇದು ಹೋದ್ರೆ ನಂಗೆ ಇನ್ನೊಂದು ಕೆಲ್ಸ ಇಲ್ಲ. ಅವನು ಹುಡುಕಕ್ಕೇ ಬಿಡಲ್ಲ."

ಶಾಂಭವಿ ಕರವಸ್ತ್ರ ಬಿಚ್ಚಿ ಬಳೆಗಳನ್ನು ಮತ್ತೆ ಏರಿಸಿಕೊಂಡಳು. ಇವತ್ತು ಓದು ಇಲ್ಲ. ಆದರೆ ಕೆಲಸವಿದೆ. ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪೂರ್ತಿ ನಿಜ ಹೇಳುತ್ತಿಲ್ಲ ಎಂಬುದೂ ಗೊತ್ತಿತ್ತು. ಮನೆಯಲ್ಲಿ ಹೆದರಿ ಬದುಕಿದ ಹೆಣ್ಣುಮಕ್ಕಳು ಅರ್ಧ ಮಾತನ್ನು ಹಲ್ಲಿನ ಹಿಂದೆ ಇಟ್ಟುಕೊಳ್ಳುತ್ತಾರೆ.

"ನೋಡು, ನಾನು ಮೇಡಂ ಅಲ್ಲ. ಭೀಮಾಶಂಕರ ಅಲ್ಲ. ನಿನ್ನೆ ಮನೇಲಿ ಏನಾಯ್ತು?"

"... ಪದೇ ಪದೇ ಆಫ್ ಆಗ್ತಿತ್ತು ಆಂಟಿ."

"ತಾನಾಗೇ?"

"ಹ್ಞೂಂ. ಫೈಲ್ ಕನ್ವರ್ಟ್ ಮಾಡಕ್ಕೆ ಹಾಕಿದ್ರೆ ಸಾಕು, ಸ್ವಲ್ಪ ಹೊತ್ತಿಗೆ ಟಪ್ ಅಂತ ಆಫು. ಕೆಳಗೆ ಮುಟ್ಟಿದ್ರೆ ತವಾ ಥರ. ಆರಿದ ಮೇಲೆ ಮತ್ತೆ ಆನ್ ಮಾಡ್ದೆ. ಮತ್ತೆ ಆಫು. ಶುಕ್ರವಾರ ಕಳಿಸ್ಬೇಕಲ್ಲ — ಅದಕ್ಕೇ ಬಿಡ್ಲಿಲ್ಲ. ಕೊನೆಗೆ ಆನೇ ಆಗ್ಲಿಲ್ಲ." ಅವಳು ಶಾಂಭವಿಯ ಮುಖ ನೋಡಿದಳು. "ನಾನೇ ಸಾಯಿಸ್ದೆ ಅಲ್ವಾ?"

"ಎಲ್ಲಿಟ್ಟಿದ್ದೆ?"

"ಅಮ್ಮಿ ಬಟ್ಟೆ ಕತ್ತರಿಸೋ ಹಲಗೆ ಮೇಲೆ."

"ಇದರ ಒಳಗಿನ ಫ್ಯಾನ್ ಕೂಗ್ತಿತ್ತಾ?"

ನಾಜಿಶ್ ಯೋಚಿಸಿದಳು. "ಗೊತ್ತಿಲ್ಲ. ಪಕ್ಕದಲ್ಲೇ ಅಮ್ಮಿ ಹೊಲಿಗೆ ಮಿಷಿನ್ ತುಳೀತಿದ್ರು. ಅದರ ಮುಂದೆ ಯಾವ ಫ್ಯಾನ್ ಕೇಳ್ಸುತ್ತೆ ಆಂಟಿ?"

ಆ ಫ್ಯಾನು! ಅದು ಇಲ್ಲಿಯವರಿಗೆಲ್ಲ ಚೆನ್ನಾಗಿ ಗೊತ್ತಿದ್ದ ಪೀಡೆ. ಯಂತ್ರ ತೆಳ್ಳಗಿತ್ತೇ ಹೊರತು ಮೌನಿಯಾಗಿರಲಿಲ್ಲ. ಶಾಂಭವಿ ಎರಡು ಪುಟ ಓದುವಷ್ಟರಲ್ಲಿ ಅದರ ಹೊಟ್ಟೆಯೊಳಗಿಂದ ಸುಂಯ್ ಎಂದು ಶುರುವಾಗಿ, ಮೂರನೆಯ ಪುಟಕ್ಕೆ ಜೋರಾಗಿ ಬೀಸತೊಡಗುತ್ತಿತ್ತು. ಆಚೆಯ ಕೋಣೆಯಲ್ಲಿಡೋಣವೆಂದರೆ ಮೈಕಿನ ತಂತಿ ಉದ್ದವಾದಷ್ಟೂ ಇನ್ನೊಂದು ಥರದ ಗುಂಯ್‌ಗುಡುವಿಕೆ. ಹಾಗಾಗಿ ಫ್ಯಾನು ಬಂದಾಗಲೆಲ್ಲ ಭೀಮಾಶಂಕರ ಕೈ ಎತ್ತುತ್ತಿದ್ದ. "ತಡ್ರಿ ಅಕ್ಕಾರ." ಅವಳು ಬೆವರೊರೆಸಿಕೊಂಡು ಕಾಯುತ್ತಿದ್ದಳು. ಯಂತ್ರ ತಣ್ಣಗಾಗಬೇಕು, ಮತ್ತೆ ಓದಬೇಕು. ಒಂದು ಪಾಠಕ್ಕೆ ಒಂದು ಬೆಳಗು ಹೋಗುತ್ತಿತ್ತು.

ನಿನ್ನೆ, ಸೋಮವಾರ, ಮಾತ್ರ ಕೆಲಸ ಸೊಗಸಾಗಿ ಸಾಗಿತ್ತು. "ನಿಂದರಬ್ಯಾಡ್ರಿ ಅಕ್ಕಾರ, ಒಂದ ಸಲಕ್ಕ ಓದಿಬಿಡ್ರಿ" ಎಂದಿದ್ದ ಭೀಮಾಶಂಕರ. ಓದಿಬಿಟ್ಟಿದ್ದಳು. ಮನೆಗೆ ಹೋಗುವಾಗ ಮನಸ್ಸು ಹಗುರಾಗಿತ್ತು.

ಅವಳು ಹಿತ್ತಲಿಗೆ ಹೋದಳು. ಕಾವಲು, ಕಸ, ಕಾಫಿ — ಮೂರನ್ನೂ ನೋಡಿಕೊಳ್ಳುವ ಪಿಳ್ಳಪ್ಪ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದ.

"ಪಿಳ್ಳಪ್ಪ, ಆ ಲ್ಯಾಪ್‌ಟಾಪಿಗೇನಾದ್ರೂ ಒದ್ದೆ ಬಟ್ಟೆ ಹಾಕಿದ್ಯಾ? ನಿಜ ಹೇಳು, ನಾನು ಬೈಯಲ್ಲ."

"ಅಯ್ಯೋ, ನನ್ ತಲೆಗ್ಯಾಕಮ್ಮೋ ಕಟ್ತೀರ! ಅದನ್ನ ಮುಟ್ಟಿದ್ರೆ ಭೀಮಾಶಂಕರಪ್ಪ ನನ್ ಕೈ ಮುರೀತಾರೆ. ಸಂಜೆ ಆದ್ರೆ ಬೀರುವಿಗೆ ಇಟ್ಟು ಬೀಗ ಹಾಕ್ಕೊಂಡು ಹೋಗ್ತಾರೆ. ಬೀಗದ ಕೈ ಅವರ ಜೇಬಲ್ಲೇ."

"ಭಾನುವಾರ ಯಾರಾದ್ರೂ ಬಂದಿದ್ರಾ?"

"ಭಾನುವಾರ ಗೇಟಿಗೇ ಬೀಗ. ನಾನೂ ಹಲಸೂರಲ್ಲಿ ತಂಗಿ ಮನೇಲಿದ್ದೆ. ಶನಿವಾರ ನೀವೆಲ್ಲ ಹೋದ್ಮೇಲೆ ಭೀಮಾಶಂಕರಪ್ಪ ಇದ್ರು, ಮೈಕ್ ಸರಿ ಮಾಡ್ಬೇಕು ಅಂತ. ಟೀ ತಂದ್ಕೊಟ್ಟೆ. ಅವರೇನು ಇವತ್ತು ನೆನ್ನೆಯಿಂದ ಹಂಗೆ ಕೂರೋರಾ? ಯಾವಾಗ್ಲೂ ಕೂರ್ತಾರೆ."

ಅದೂ ನಿಜವೇ. ಭೀಮಾಶಂಕರನಿಗೆ ಮನೆಯೇ ಬೇಡ, ಮೈಕಿದ್ದರೆ ಸಾಕು. ಟೇಪಿನ ಕಾಲದಿಂದ ದನಿ ಮುದ್ರಿಸಿಕೊಂಡು ಬಂದವನು. ಅವಳನ್ನು ಇಲ್ಲಿಗೆ ಕರೆತಂದವನೂ ಅವನೇ. ರಾಮಮೂರ್ತಿ ನಗರದಲ್ಲಿ ಅವಳ ಮನೆಯ ಪಕ್ಕದ ಬಾಡಿಗೆ ಮನೆಯವನು; ಅವಳ ತವರಿನ ಹಾಗೇ ಅವನದೂ ಕಲಬುರಗಿಯ ಕಡೆ. ಅತ್ತೆಗೆ ಪೇಪರು ಓದಿ ಹೇಳುತ್ತಿದ್ದವಳ ದನಿ ಗೋಡೆಯಾಚೆ ಕೇಳಿಸಿ, "ಇಂಥಾ ದನಿ ಮನ್ಯಾಗ ಇಟ್ಕೊಂಡು ಏನ್ ಮಾಡ್ತೀರಿ ಅಕ್ಕಾರ?" ಎಂದಿದ್ದ. ಹಾಗೆ ಕೇಳಿದವರು ಅವಳ ಬದುಕಿನಲ್ಲಿ ಇನ್ನೊಬ್ಬರಿಲ್ಲ.

ಅವಳು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ನಾಜಿಶ್‌ಳನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೊರಟಳು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮುನೀರನ ಅಂಗಡಿ. ಮೊಬೈಲು, ರೇಡಿಯೊ, ಲ್ಯಾಪ್‌ಟಾಪು — ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ ಗುಡ್ಡೆ ಹಾಕಿದ್ದ. ನಾಜಿಶ್‌ಳ ಚಿಕ್ಕಮ್ಮನ ಮಗ.

"ಕ್ಯಾ ನಾಜಿಶ್, ಇಡ್ಲಿ ಬೇಯಿಸಿದ್ಯಾ ಇದ್ರಲ್ಲಿ?" ಎನ್ನುತ್ತ ತಿರುಪು ಬಿಚ್ಚಿದ. ತಳ ತೆರೆದವನು ನಗು ನಿಲ್ಲಿಸಿದ.

"ಬೋರ್ಡ್ ಹೋಗಿದೆ ಮೇಡಂ. ಮುಗೀತು. ಇಲ್ನೋಡಿ — ಇದು ಫ್ಯಾನು. ಅದರ ವೈರು ಎಲ್ಲಿದೆ ನೋಡಿ."

ರೂಪಾಯಿ ಬಿಲ್ಲೆಗಿಂತ ತುಸು ದೊಡ್ಡದಾದ ಫ್ಯಾನು. ಅದರ ತಂತಿಯ ತುದಿ ಕೂರಬೇಕಾದ ಜಾಗದಲ್ಲಿ ಕೂತಿರಲಿಲ್ಲ. ಪಕ್ಕಕ್ಕೆ ಮಡಚಿಕೊಂಡು ಮಲಗಿತ್ತು.

"ಫ್ಯಾನಿಗೆ ಕರೆಂಟೇ ಹೋಗಿಲ್ಲ. ದೊಡ್ಡ ಮಿಷಿನ್ ಆದ್ರೆ ತಡ್ಕೊಳುತ್ತೆ, ಒಳಗೆ ಗಾಳಿ ಆಡಕ್ಕೆ ಜಾಗ ಇರುತ್ತೆ. ಇದರಲ್ಲಿ ಬೆರಳು ತೂರಲ್ಲ. ಇಷ್ಟು ಚಿಕ್ಕ ಫ್ಯಾನು ಅಷ್ಟು ಬಿಸಿ ತಳ್ಳಬೇಕು ಅಂದ್ರೆ ಜೋರಾಗಿ ತಿರುಗಲೇಬೇಕು, ಕೂಗಲೇಬೇಕು. ಜನಕ್ಕೆ ಅದು ಬೇಡ. ತೆಳ್ಳಗಿರ್ಬೇಕು, ಹಗುರ ಇರ್ಬೇಕು, ಬಿಸಿ ಆಗ್ಬಾರ್ದು, ಸದ್ದೂ ಮಾಡ್ಬಾರ್ದು. ಸೊಸೆ ಹುಡುಕಿದ ಹಾಗೆ ಹುಡುಕ್ತಾರೆ ಮೇಡಂ."

ಶಾಂಭವಿಗೆ ನಗು ಬಂತು. ನಿಂತೂ ಹೋಯಿತು.

"ಈ ವೈರು ತಾನಾಗೇ ಕಳಚಿಕೊಳ್ಳುತ್ತಾ?"

"ಗಟ್ಟಿ ಇರುತ್ತೆ. ಉಗುರು ಹಾಕಿ ಎಳೆದ್ರೆ ಬರುತ್ತೆ. ಬಿದ್ರೆ — ಬಂದ್ರೂ ಬರಬಹುದು. ನಂಗೆ ಪಂಚಾಯ್ತಿಗೆ ಕರೀಬೇಡಿ."

ಅಲ್ಲಿಂದಲೇ ಜಯಮಾಲಾರಿಗೆ ಫೋನು ಮಾಡಿದಳು. ಮುನೀರ್ ತೋರಿಸಿದ್ದನ್ನೆಲ್ಲ ಹೇಳಿದಳು.

"ಮುನೀರ್ ಅಂದ್ರೆ ಯಾರು ಶಾಂಭವಿಯವ್ರೇ? ನಾಜಿಶ್‌ಗೆ ಏನಾಗ್ಬೇಕು?"

"... ಚಿಕ್ಕಮ್ಮನ ಮಗ."

"ಅವನೇ ಎಳೆದಿರಬಹುದಲ್ಲ? ಇವಳನ್ನ ಉಳಿಸಕ್ಕೆ? ಇಲ್ಲಾ, ಇವಳೇ ಬೀಳಿಸಿ ಕಳಚಿರಬಹುದು. ಹೇಗೆ ನಂಬೋದು ಹೇಳಿ."

ಶಾಂಭವಿ ತುಟಿ ಕಚ್ಚಿಕೊಂಡಳು. ಬೇರೆ ಅಂಗಡಿಗೆ ಹೋಗಬೇಕಿತ್ತು. ತಂತಿ ಕಳಚಿತ್ತೆಂಬುದು ಗೊತ್ತಾಯಿತು. ಕಳಚಿದ್ದು ಯಾವಾಗ? ಅದನ್ನು ಹೇಳುವವರು ಯಾರು? ನಿನ್ನೆ ರಾತ್ರಿ ಕಳಚಿದ್ದರೆ ಹುಡುಗಿ ಹೋದಳು. ಅದಕ್ಕೂ ಮುಂಚೆ ಕಳಚಿದ್ದರೆ...

ಬಸ್ಸಿನಲ್ಲಿ ನಾಜಿಶ್ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಕೋಲ್ಸ್ ಪಾರ್ಕು ದಾಟುವಾಗ ಒಮ್ಮೆಲೇ ಹೇಳಿದಳು: "ನಿನ್ನೆ ನಿಮ್ಮ ಪಾಠ ಎಷ್ಟು ಚೆನ್ನಾಗಿ ಬಂದಿತ್ತು ಆಂಟಿ. ಕತ್ತರಿಸೋದೇ ಇರ್ಲಿಲ್ಲ. ಅದೂ ಹೋಯ್ತು."

"ಹೋಗಿಲ್ಲ," ಎಂದಳು ಶಾಂಭವಿ. "ನನ್ನ ಪೆನ್‌ಡ್ರೈವಲ್ಲಿದೆ."

ಹೇಳಿದವಳು ಅಲ್ಲೇ ಸೆಟೆದು ಕೂತಳು.

ದಿನದ ಓದು ಮುಗಿದ ಮೇಲೆ ಭೀಮಾಶಂಕರ ಅದನ್ನು ಕತ್ತರಿಸದೆ, ಇದ್ದ ಹಾಗೇ ಅವಳ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದ. ಅವಳು ಮನೆಯಲ್ಲಿ ಡಿವಿಡಿ ಪ್ಲೇಯರಿಗೆ ಸಿಕ್ಕಿಸಿ, ರೊಟ್ಟಿ ಬಡಿಯುತ್ತ ಕೇಳಿ, ತನ್ನ ತಪ್ಪುಗಳನ್ನು ಹಿಡಿಯುತ್ತಿದ್ದಳು. ತನ್ನ ತಪ್ಪುಗಳನ್ನು ಮಾತ್ರ. ಬೇರೆಯವರದನ್ನು ಹುಡುಕಬೇಕೆಂದು ಯಾವತ್ತೂ ತೋಚಿರಲಿಲ್ಲ.

ಸಂಘಕ್ಕೆ ಬಂದವಳೇ ಜಯಮಾಲಾರ ಹಳೆಯ ಕಂಪ್ಯೂಟರಿನ ಮುಂದೆ ಕೂತಳು. ಕಿವಿಗೆ ಹೆಡ್‌ಫೋನು. ಶನಿವಾರದ್ದನ್ನು ಹಾಕಿದಳು. ನಂತರ ಸೋಮವಾರದ್ದು. ಮತ್ತೆ ಶನಿವಾರದ್ದು. ಸೋಮವಾರದ್ದರ ಆರಂಭವನ್ನು ಮತ್ತೆ ಮತ್ತೆ ಕೇಳಿದಳು. ಹೆಡ್‌ಫೋನು ತೆಗೆದಾಗ ಅವಳ ಮುಖದಲ್ಲಿ ಗೆಲುವು ಇರಲಿಲ್ಲ. ಆದರೆ ಸಂದೇಹ ಉಳಿದಿರಲಿಲ್ಲ.

ಸಂಜೆ ಜಯಮಾಲಾರ ಕೋಣೆಯಲ್ಲಿ ಎಲ್ಲರೂ ಸೇರಿದರು. ನಾಜಿಶ್ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಪಿಳ್ಳಪ್ಪ ಬಾಗಿಲಿಗೆ ಒರಗಿದ್ದ. ಭೀಮಾಶಂಕರ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಹೇಳಿ ಶಾಂಭವಿಯವ್ರೇ. ಏನೋ ಕೇಳಿಸ್ಬೇಕು ಅಂದ್ರಿ."

"ಮೊದಲು ಶನಿವಾರದ್ದು ಕೇಳಿ ಮೇಡಂ."

ಸ್ಪೀಕರಿನಿಂದ ಶಾಂಭವಿಯ ದನಿ ಬಂತು. ನದಿಗಳ ಪಾಠ. ಅದರ ಹಿಂದೆ ಸುಂಯ್ ಎನ್ನುವ ಸದ್ದು ಏರಿತು. ತಕ್ಷಣ ಭೀಮಾಶಂಕರನ ದನಿ: "ತಡ್ರಿ ಅಕ್ಕಾರ, ಫ್ಯಾನ್ ಬಂತು." ವಿರಾಮ. ಮತ್ತೆ ಓದು. ಮತ್ತೆ ಸುಂಯ್. ಮತ್ತೆ "ತಡ್ರಿ."

"ಇದು ದಿನದ ಗೋಳು. ಹೊಸದೇನಿದೆ?" ಎಂದರು ಜಯಮಾಲಾ.

"ಈಗ ಸೋಮವಾರದ್ದು. ಪಾಠ ಇದಕ್ಕಿಂತ ಉದ್ದ."

ಓದು ಹರಿಯಿತು. ಎಲ್ಲೂ ತಡೆಯಿಲ್ಲ. ದನಿಯ ಹಿಂದೆ ಏನೂ ಇಲ್ಲ. ಎಲ್ಲೋ ದೂರದಲ್ಲಿ ಒಂದು ಕಾಗೆ, ಅಷ್ಟೆ. ಶಾಂಭವಿ ಮಧ್ಯಕ್ಕೆ ಸರಿಸಿದಳು. ಸದ್ದಿಲ್ಲ. ಕೊನೆಗೆ ಸರಿಸಿದಳು. ಸದ್ದಿಲ್ಲ.

"ಮೇ ತಿಂಗಳು. ಕಿಟಕಿ ಮುಚ್ಚಿದೆ. ಮೇಲಿನ ಫ್ಯಾನ್ ಆಫು. ನನ್ನ ಸೀರೆ ಬೆನ್ನಿಗೆ ಅಂಟಿತ್ತು. ದಿನಾ ಎರಡು ಪುಟಕ್ಕೆ ಕೂಗೋ ಯಂತ್ರ ಅವತ್ತು ಒಂದು ಇಡೀ ಪಾಠ ಬಾಯಿ ಬಿಡಲಿಲ್ಲ. ಯಾಕೆ? ಅದರ ಫ್ಯಾನು ಆಗಲೇ ನಿಂತಿತ್ತು, ಮೇಡಂ. ಇದು ಸೋಮವಾರ ಬೆಳಿಗ್ಗೆ. ನಾಜಿಶ್ ಅದನ್ನ ಮನೆಗೆ ತಗೊಂಡು ಹೋಗಿದ್ದು ಸೋಮವಾರ ಸಂಜೆ. ಅವಳು ಬೀಳಿಸಲಿಲ್ಲ. ಮುನೀರ್ ಎಳೀಲಿಲ್ಲ."

ನಾಜಿಶ್ ತಲೆ ಎತ್ತಿದಳು.

"ನಮಗೆಲ್ಲ ಗೊತ್ತಾಗಬೇಕಿತ್ತು," ಎಂದಳು ಶಾಂಭವಿ. "ಸದ್ದು ಬಂದ್ರೆ ಏನೋ ಕೆಟ್ಟಿದೆ ಅಂತ ಹುಡುಕ್ತೀವಿ. ಸದ್ದು ನಿಂತ್ರೆ ಯಾರು ಹುಡುಕ್ತಾರೆ? ಖುಷಿ ಪಟ್ವಿ. ನಾನೂ ಪಟ್ಟೆ."

ಭೀಮಾಶಂಕರ ಕೆಮ್ಮಿದ. "ಸಣ್ಣ ಫ್ಯಾನು. ತಾನಾ ನಿಂತಿರಬಹುದಲ್ಲ ಅಕ್ಕಾರ? ಯಂತ್ರ ಅಂದ್ರ ಕೆಡ್ತದ."

"ಕೆಡುತ್ತೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೂ ಅದು ಬೀರುವಲ್ಲಿತ್ತು. ಬೀರುವಿನೊಳಗೇ ಕೆಟ್ಟಿರಬಹುದು ಅಂತಲೇ ನಾನೂ ಅಂದ್ಕೊಳ್ತಿದ್ದೆ. ಇದೊಂದು ಮಾತು ಕೇಳದಿದ್ರೆ."

ಅವಳು ಸೋಮವಾರದ ಮುದ್ರಿಕೆಯನ್ನು ಮೊದಲಿಗೆ ತಂದಳು. ಕಾಗದದ ಸದ್ದು. ಅವಳು ಗಂಟಲು ಸರಿಪಡಿಸಿಕೊಂಡ ಸದ್ದು. ಆಮೇಲೆ ಭೀಮಾಶಂಕರನ ದನಿ, ನಿಚ್ಚಳವಾಗಿ, ಉಲ್ಲಾಸದಿಂದ:

"ಇವತ್ತ ನಿಂದರಬ್ಯಾಡ್ರಿ ಅಕ್ಕಾರ, ಒಂದ ಸಲಕ್ಕ ಓದಿಬಿಡ್ರಿ."

ಪಿಳ್ಳಪ್ಪ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ.

ಶಾಂಭವಿ ಅವನ ಕಡೆ ತಿರುಗಿದಳು. ಬೆಂಗಳೂರಿನ ಮಾತು ಬಿಟ್ಟು ತವರಿನ ಮಾತಿಗೆ ಇಳಿದಳು.

"ನಾ ಇನ್ನಾ ಒಂದು ಸಾಲೂ ಓದಿದ್ದಿಲ್ಲರಿ ಅಣ್ಣಾರ. ಯಂತ್ರ ಇನ್ನಾ ಬಿಸಿ ಆಗಿದ್ದಿಲ್ಲ. ದಿನಾ ಕೈ ಎತ್ತೋರು ನೀವು. ಅವತ್ತು ಫ್ಯಾನು ಬರಂಗಿಲ್ಲ ಅಂತ ಓದೋಕಿಂತ ಮೊದ್ಲೇ ನಿಮಗ ಹ್ಯಾಂಗ ಗೊತ್ತಾತು?"

ಭೀಮಾಶಂಕರ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ. ಒರೆಸುತ್ತಲೇ ಇದ್ದ.

"ಶನಿವಾರ ಸಂಜಿಕ ಬಿಚ್ಚಿ ಫ್ಯಾನಿನ ವೈರು ಕಿತ್ತೆ," ಎಂದ ಕೊನೆಗೆ. "ಬೀದರ್ ಕಡಿಂದ ಒಬ್ಬ ಹುಡುಗ ಫೋನ್ ಮಾಡಿದ್ದ ಮೇಡಂ. ಅಕ್ಕಾರು ಪಾಠ ಓದೋವಾಗ ಹಿಂದ ಯಾರೋ ಹಿಟ್ಟಿನ ಗಿರಣಿ ನಡಿಸ್ತಾರಲ್ಲ, ಬಂದ್ ಮಾಡಿಸ್ರಿ ಅಂದ. ಟೇಪಿನ ಕಾಲದಾಗ ನನಗ ಯಾರೂ ಅಂಥಾ ಮಾತು ಅಂದಿದ್ದಿಲ್ಲ. ಓದೋರು ಸೆಕಿಯಾಗ ಮ್ಯಾಲಿನ ಫ್ಯಾನು ಬಂದ್ ಮಾಡಿ ಕೂಡ್ತಾರ, ಇದಕ್ಕೇನ್ ದೊಡ್ಡಸ್ತಿಕಿ ಅಂದ್ಕೊಂಡೆ. ಶುಕ್ರವಾರ ಮಟ ಅಷ್ಟ, ಮತ್ತ ಹಚ್ಚಿಬಿಟ್ರ ಆತು ಅಂದ್ಕೊಂಡೆ. ಬಿಸಿ ಆಗ್ತದಂತ ಗೊತ್ತಿತ್ತು. ಸಾಯ್ತದಂತ ಗೊತ್ತಿದ್ದಿಲ್ಲ."

"ಮುದ್ರಿಸುವಾಗ ಸಾಯಲಿಲ್ಲ. ಅದು ಹಗುರ ಕೆಲಸ," ಎಂದಳು ಶಾಂಭವಿ. "ಭಾರದ ಕೆಲಸ ನಾಜಿಶ್‌ದು. ನೀವು ಹೇಳದೇ ಕೊಟ್ಟು ಕಳಿಸಿದ್ರಿ. ಸಿಕ್ಕಿಬಿದ್ದವಳು ಅವಳು."

ಪಿಳ್ಳಪ್ಪ ತಡೆಯಲಾರದೆ, "ನಾನು ಟೀ ಬೇರೆ ತಂದ್ಕೊಟ್ನಲ್ಲಪ್ಪೋ," ಎಂದು ಗೊಣಗಿದ.

"ಫ್ಯಾನ್ ನಿಲ್ಲಿಸಿದ್ದು ತಪ್ಪು," ಎಂದರು ಜಯಮಾಲಾ. ದನಿ ತಗ್ಗಿತ್ತು. "ಅದನ್ನ ನಾನು ಮರೀಬಲ್ಲೆ. ಬೆಳಿಗ್ಗೆ ಎಲ್ಲ ಗೊತ್ತಿದ್ದೂ, ಹಾಸಿಗೆ ಮೇಲಿಟ್ಟಿದ್ಯಾ ಅಂತ ಆ ಮಗೂನ ಕೇಳಿದ್ರಲ್ಲ — ಅದು ಹೇಗೆ ಮರೀಲಿ? ಬೀರುವಿನ ಬೀಗದ ಕೈ ಇಲ್ಲಿಡಿ. ನೀವು ಇರ್ಬೇಕೋ ಬೇಡ್ವೋ ಕಮಿಟಿ ಹೇಳುತ್ತೆ."

ಭೀಮಾಶಂಕರ ಬೀಗದ ಕೈ ಮೇಜಿನ ಮೇಲಿಟ್ಟ. ಹೋಗುವಾಗ ನಾಜಿಶ್‌ಳ ಮುಂದೆ ನಿಂತ. "ತಪ್ಪಾತವ್ವಾ," ಎಂದ. ಅವಳು ನೆಲ ನೋಡುತ್ತಲೇ, "ಆಯ್ತು ಸಾರ್," ಎಂದಳು. ಶಾಂಭವಿಯ ಕಡೆ ಅವನು ನೋಡಲಿಲ್ಲ.

"ನೀನು ನಾಳೆ ಎಂದಿನ ಹಾಗೇ ಬಾ," ಎಂದರು ಜಯಮಾಲಾ ನಾಜಿಶ್‌ಗೆ. "ಈ ಕಂಪ್ಯೂಟರಲ್ಲೇ ಶುರು ಮಾಡು. ಮನೆಗೆ ನಾನೇ ಫೋನ್ ಮಾಡಿ ಹೇಳ್ತೀನಿ, ನಿಮ್ಮ ಹುಡುಗಿ ಇಲ್ಲದೇ ನಮ್ಮ ಕೆಲಸ ನಡೆಯಲ್ಲ ಅಂತ."

"ಭಾಯಿ ಎತ್ತಿದ್ರೆ ಹೇಳಿ ಮೇಡಂ. ಅಮ್ಮಿಗೆ ಅದು ಆಗ್ಲೇ ಗೊತ್ತು," ಎಂದಳು ನಾಜಿಶ್. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. ಓಣಿಯಲ್ಲಿ ಅವಳ ಚಪ್ಪಲಿಯ ಸದ್ದು ಓಡುತ್ತ ಹೋಯಿತು.

ಜಯಮಾಲಾ ಬೀಗದ ಕೈಯನ್ನು ಡ್ರಾಯರಿಗೆ ಹಾಕಿ ಶಾಂಭವಿಯತ್ತ ತಿರುಗಿದರು.

"ಒಂದು ತಮಾಷೆ ನೋಡಿ. ಸೋಮವಾರ ಇಡೀ ಬೆಳಿಗ್ಗೆ ಆ ಮಿಷಿನ್ ಮುಂದೆ ಕೂತಿದ್ದೋರು ನೀವೇ. ಎಲ್ಲರನ್ನೂ ಕೇಳಿದ್ವಿ, ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ. ನಿಮ್ಮ ಮೇಲೆ ಯಾರಿಗೂ ಸಂಶಯಾನೇ ಬರಲ್ಲ ಬಿಡಿ."

ಅವರು ಹೊಗಳಿಕೆಯಾಗಿಯೇ ಹೇಳಿದ್ದರು. ಶಾಂಭವಿ ನಕ್ಕು ಹೊರಬಂದಳು.

ಬಸ್ಸು ಬಾಣಸವಾಡಿ ದಾಟುವವರೆಗೂ ಆ ಮಾತು ಅವಳ ಜೊತೆಯಲ್ಲೇ ಕೂತು ಬಂತು. ಬೀಗದ ಕೈ ಇದ್ದವನನ್ನು ಸಂಶಯಿಸಬಹುದು. ಸಂಬಳ ತೆಗೆದುಕೊಳ್ಳುವವಳನ್ನು ಸಂಶಯಿಸಬಹುದು. ಬಾಗಿಲು ಕಾಯುವವನನ್ನೂ. ತನ್ನ ಕೈಯಲ್ಲಿ ಏನಿತ್ತು? ತಾನು ಬಂದರೂ ಸರಿ, ಬಿಟ್ಟರೂ ಸರಿ. ಕೆಟ್ಟದ್ದಕ್ಕೂ ಹೊಣೆಯಲ್ಲ, ಒಳ್ಳೆಯದಕ್ಕೂ ಅಲ್ಲ. ನಾಜಿಶ್‌ಗೆ ಇವತ್ತು ಕಳೆದುಕೊಳ್ಳುವಂಥದ್ದು ಒಂದಿತ್ತು. ಆ ಹುಡುಗಿಯ ಭಯವನ್ನು ನೋಡಿ ಮರುಕಪಟ್ಟ ಜಾಗದಲ್ಲೇ ತನಗೊಂದು ಸಣ್ಣ ಅಸೂಯೆಯೂ ಹುಟ್ಟಿತ್ತೆಂದು ಶಾಂಭವಿಗೆ ಈಗ ತಿಳಿಯಿತು.

ಮನೆಯಲ್ಲಿ ಗಂಡ ಪೀರಪ್ಪ ಟೀವಿಯ ಮುಂದಿದ್ದ.

"ಯಾಕ ತಡಾ ಆತು? ಏನರ ವಿಶೇಷ?"

"ಏನಿಲ್ಲ. ಲ್ಯಾಪ್‌ಟಾಪ್ ಕೆಟ್ಟಿತ್ತು."

"ಹಂಗಾದ್ರ ನಾಕು ದಿನ ಹೋಗಬ್ಯಾಡ ಬಿಡು. ನಿಂದೇನು ನೌಕರಿ ಏನು?"

ಶಾಂಭವಿ ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದಳು. ನಾಳೆ ಮೇಡಂ ಡ್ರಾಯರು ತೆಗೆಯುವ ಹೊತ್ತಿಗೆ ತಾನು ಅಲ್ಲಿರಬೇಕು. ಆ ಬೀಗದ ಕೈ ಕೇಳಬೇಕು. ಅದರ ಜೊತೆಗೆ ಬರುವ ಕೆಲಸವನ್ನು, ಸಂಬಳವನ್ನು, ಹಾಜರಿಯ ಸಹಿಯನ್ನು ಕೇಳಬೇಕು. ಇಲ್ಲವೆಂದರೆ ಯಾಕೆಂದು ಕೇಳಬೇಕು.

ತವಾ ಕಾಯುತ್ತಿತ್ತು. ನಾಳೆ ಕೇಳಬೇಕಾದ ಮಾತನ್ನು ಮೆಲ್ಲಗೆ ಆಡಿ ನೋಡುತ್ತ ಮೊದಲ ರೊಟ್ಟಿ ಹಾಕಿದಳು.

"ಏನ್ ಅಂದಿ?" ಎಂದು ಪೀರಪ್ಪ ಟೀವಿಯ ಮುಂದಿನಿಂದಲೇ ಕೇಳಿದ.

"ಏನೂ ಅಂದಿಲ್ಲ," ಎಂದಳು.